ಮ್ಯಾನಿಫೋಲ್ಡ್ ಸ್ಟಡ್ ಮುರಿದಾಗ ನಾನು ಮಾಡಿದ್ದು

ಕಾಫಿ ತೋಟದವರಿಗೆ ಫೆಬ್ರವರಿ, ಮಾರ್ಚ್ ಅಂದರೆ ಜೆಟ್ ಹಾಕುವ, ಅಂದರೆ ಪಂಪಿನಿಂದ ಗಿಡಗಳಿಗೆ ನೀರು ಚಿಮ್ಮಿಸುವ ಕಾಲ. ರೊಬಸ್ಟಾ ಮೊಗ್ಗು ಬಲಿತು ನಿಂತಿರುತ್ತದೆ. ಹೂಮಳೆ ಬರದಿದ್ದರೆ ಒಂದರಿಂದ ಒಂದೂವರೆ ಇಂಚು ನೀರನ್ನು ನಾವೇ ಕೊಡಬೇಕು. ಆಗ ಇಂಜಿನ್ ಕೈಕೊಟ್ಟರೆ ಆ ವರ್ಷದ ಫಸಲಿಗೇ ಪೆಟ್ಟು. ಅದಕ್ಕೇ ನಾನು ಜನವರಿಯಲ್ಲೇ ಕೆರೆ ಪಕ್ಕದ ಶೆಡ್ಡಿನಲ್ಲಿರುವ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ನನ್ನು ಒಮ್ಮೆ ಓಡಿಸಿ ನೋಡುತ್ತೇನೆ.

ಈ ಸಲ ಓಡಿಸಿದಾಗ ಟಿಕ್ ಟಿಕ್ ಅಂತ ಸದ್ದು ಬಂತು. ಲೋಡ್ ಕೊಟ್ಟರೆ ಸದ್ದು ಜಾಸ್ತಿ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಅಲ್ಲ ಅನ್ನುವುದು ಬೇಗ ಗೊತ್ತಾಯಿತು. ಸಿಲಿಂಡರುಗಳ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಇಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಕೂರುವ ಜಾಗದಲ್ಲಿ ಒಂದು ತುದಿಗೆ ಕರೀ ಮಸಿ ಹಿಡಿದಿತ್ತು. ಎರಡರ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಹೋಗಿದೆ, ಬಿಚ್ಚಲೇಬೇಕು.

ಮ್ಯಾನಿಫೋಲ್ಡನ್ನು ಹಿಡಿದಿರುವುದು ನಾಲ್ಕು ಸ್ಟಡ್ (ಒಂದು ತುದಿ ಹೆಡ್ಡಿನೊಳಗೆ, ಇನ್ನೊಂದಕ್ಕೆ ನಟ್ ಹಾಕುವ ತಲೆಯಿಲ್ಲದ ಬೋಲ್ಟ್), ಎಲ್ಲಾ ಎಂ8, ಅಂದರೆ 8 ಮಿಲಿಮೀಟರ್ ದಪ್ಪ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ನಡುವಿನ ಎರಡು ನಟ್ ಸಲೀಸಾಗಿ ಬಂದವು. ತುದಿಯ ಎರಡು ಸ್ಟಡ್ ಸ್ಪ್ಯಾನರಿಗೆ ಸ್ವಲ್ಪವೂ ಬಿಗಿ ಕೊಡದೆ ಪಟ್ಟನೆ ಮುರಿದವು. ಒಂದು, ಹೆಡ್ಡಿನಿಂದ ಅರ್ಧ ಸೆಂಟಿಮೀಟರಿನಷ್ಟು ಹೊರಗೆ ಉಳಿಯಿತು. ಇನ್ನೊಂದು ತೂತಿನ ಒಳಗೇ ಮುರಿದು, ಹಿಡಿಯಲು ಏನೂ ಉಳಿಯಲಿಲ್ಲ.

ಮುರಿದ ತುಂಡನ್ನು ಬಿಸಾಡಬಾರದು. ಬೆಳಕಿಗೆ ಹಿಡಿದು ನೋಡಿದೆ. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ಕಂದು ಬಣ್ಣ, ಹಳೇ ತುಕ್ಕು. ಒಂದು ಅಂಚಿನಲ್ಲಿ ಮಾತ್ರ ತೆಳ್ಳಗೆ ಬೆಳ್ಳಿಯ ಹಾಗೆ ಹೊಳೆಯುವ ಹೊಸ ಲೋಹ. ಅಂದರೆ ಸ್ಟಡ್ ಯಾವತ್ತೋ ಬಿರುಕು ಬಿಟ್ಟಿತ್ತು, ಉಳಿದಿದ್ದ ಆ ಅಂಚಿನಲ್ಲಿ ನೇತಾಡುತ್ತಿತ್ತು. ಹೀಗಾಗಲು ಕಾರಣ ಎದುರಿಗೇ ಇತ್ತು. ಸೈಲೆನ್ಸರ್ ಪೈಪು ಶೆಡ್ಡಿನ ಗೋಡೆ ದಾಟಿ ಹೊರಗೆ ಹೋಗುತ್ತದೆ, ಅದಕ್ಕೆ ಎಲ್ಲೂ ಆಸರೆ ಇರಲಿಲ್ಲ. ಅಷ್ಟೂ ಭಾರ, ಅಷ್ಟೂ ನಡುಕ ಮ್ಯಾನಿಫೋಲ್ಡಿನ ಸ್ಟಡ್ಡುಗಳ ಮೇಲೆ. ಸಾಲದ್ದಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಮ್ಯಾನಿಫೋಲ್ಡಿನ ಮುಖವೂ ಸ್ವಲ್ಪ ಬಾಗಿತ್ತು. ಲೋಡಿನಲ್ಲಿ ಎಕ್ಸಾಸ್ಟ್ 400 ಡಿಗ್ರಿ ದಾಟುವುದು ಸಾಮಾನ್ಯ. ಕಾದು ಆರಿ, ಕಾದು ಆರಿ ಬೀಡು (ಎರಕದ ಕಬ್ಬಿಣ) ಬಾಗುತ್ತದೆ, ತುದಿಯ ಸ್ಟಡ್ಡುಗಳನ್ನು ಎಳೆಯುತ್ತದೆ.

ಪಕ್ಕದ ತೋಟದವರು ಈಜಿ ಔಟ್ (ಮುರಿದ ಸ್ಟಡ್ಡಿನಲ್ಲಿ ಕೊರೆದ ತೂತಿಗೆ ತೂರಿಸಿ ತಿರುಗಿಸಿ ತೆಗೆಯುವ ಸಾಧನ) ತಂದುಕೊಟ್ಟರು. ನಾನು ಬಳಸಲಿಲ್ಲ. ನನ್ನ ಲೆಕ್ಕ ಸರಳ. 8 ಮಿಲಿಮೀಟರಿನ ಇಡೀ ಸ್ಟಡ್ಡೇ ತುಕ್ಕಿನ ಹಿಡಿತ ಬಿಡಿಸಲಾಗದೆ ಕೂತಿದೆ. ಅದರೊಳಗೆ ಸಣ್ಣ ತೂತು ಕೊರೆದು, ಇನ್ನೂ ಸಣ್ಣ ಈಜಿ ಔಟ್ ತೂರಿಸಿ ತಿರುಗಿಸಿದರೆ ಬರುತ್ತದೆಯೇ? ಅದು ಗಡಸು ಉಕ್ಕು, ಬಾಗುವುದಿಲ್ಲ, ಮುರಿಯುತ್ತದೆ. ಒಳಗೆ ಮುರಿದರೆ ನಮ್ಮ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಆಮೇಲೆ ಹೆಡ್ ಬಿಚ್ಚಿ ಬೆಂಗಳೂರಿನ ಪೀಣ್ಯದ ಕಡೆಗೆ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಕೆಲಸ) ಮಾಡಿಸಲು ಹೊತ್ತೊಯ್ಯಬೇಕು. ನಮ್ಮೂರಿನ ಲೇತ್ ಹುಡುಗನೂ ಅದನ್ನೇ ಹೇಳಿದ. "ಅಣ್ಣಾ, ಡ್ರಿಲ್ ಓರೆ ಹೋದ್ರೂ ಏನಾದ್ರೂ ಮಾಡ್ಬೋದು. ಈಜಿ ಔಟ್ ಒಳಗೆ ಮುರ್ಕೊಂಡು ಮಾತ್ರ ತರ್ಬೇಡಿ."

ಹೊರಗೆ ಉಳಿದಿದ್ದ ಸ್ಟಡ್ಡಿಗೆ ನಟ್ ವೆಲ್ಡಿಂಗ್ ಮಾಡಿದೆ. ಮೊದಲು ಡೀಸೆಲ್ ಕ್ಯಾನುಗಳನ್ನು ಶೆಡ್ಡಿನಿಂದ ಹೊರಗೆ ಸಾಗಿಸಿದೆ, ಟ್ಯಾಂಕಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಎಣ್ಣೆಯನ್ನು ಚೆನ್ನಾಗಿ ಒರೆಸಿದೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗ್ ಬಿಸಿಗೆ ವಿಷದ ಗಾಳಿ ಆಗುತ್ತದೆ, ದಯವಿಟ್ಟು ಅದು ಬೇಡ.

ಸ್ಟಡ್ಡಿನ ಮೇಲೆ ಎಂ10 ನಟ್ ಇಟ್ಟು, ಅದರ ತೂತಿನೊಳಗೆ 2.5 ಮಿಲಿಮೀಟರ್ ರಾಡಿನಿಂದ ಸ್ಟಡ್ಡಿನ ತಲೆ ಮೇಲೆ ಆರ್ಕ್ ಹಿಡಿದು ತುಂಬಿಸುತ್ತಾ ಬಂದೆ. ನಟ್ ದೊಡ್ಡದಿದ್ದರೆ ರಾಡ್ ಒಳಗೆ ಹೋಗಲು ಜಾಗ ಸಿಗುತ್ತದೆ. ನಟ್ ಕೆಂಪಗಾಯಿತು. ನಿಜ ಹೇಳಬೇಕೆಂದರೆ ಇಲ್ಲಿ ಕೆಲಸ ಮಾಡುವುದು ನಟ್ಟಿಗಿಂತ ಈ ಬಿಸಿ. ಕಬ್ಬಿಣ ತುಕ್ಕಾದರೆ ಅದರ ಗಾತ್ರ ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ, ಅದಕ್ಕೇ ಥ್ರೆಡ್ಡಿನ ಸಂದಿ ಬೆಣೆ ಹೊಡೆದಷ್ಟು ಬಿಗಿಯಾಗುವುದು. ಸ್ಟಡ್ ಕೆಂಪಗೆ ಕಾದಾಗ ಸುತ್ತಲಿನ ಹೆಡ್ ಇನ್ನೂ ತಣ್ಣಗಿರುತ್ತದೆ. ಸ್ಟಡ್ ಹಿಗ್ಗಿ, ಆರುವಾಗ ಕುಗ್ಗಿ, ಆ ತುಕ್ಕನ್ನು ಪುಡಿ ಮಾಡುತ್ತದೆ.

ಕೆಂಪು ಹೋಗುವವರೆಗೆ ಸುಮ್ನೆ ಕಾದೆ. ನೀರು ಹಾಕಲಿಲ್ಲ, ಬೀಡು ಬಿರುಕು ಬಿಡುತ್ತದೆ. ಅಂಚಿಗೆ ಮೇಣದ ಬತ್ತಿ ಮುಟ್ಟಿಸಿದೆ, ಕರಗಿ ಒಳಗೆ ಇಳಿಯಿತು. ಆಮೇಲೆ ಸ್ಪ್ಯಾನರ್ ಹಿಡಿದು ಮೊದಲು ಬಿಗಿ ಮಾಡುವ ಕಡೆಗೇ ಒಂದು ಚೂರು ತಿರುಗಿಸಿದೆ, ಆಮೇಲೆ ಬಿಚ್ಚುವ ಕಡೆಗೆ. ಹೀಗೇ ಹಿಂದೆ ಮುಂದೆ. ಮೊದಲ ನಟ್ ಕಿತ್ತುಕೊಂಡು ಬಂತು. ಮತ್ತೆ ವೆಲ್ಡ್ ಮಾಡಿದೆ, ಮತ್ತೆ ಕಾಸಿದ ಹಾಗಾಯಿತು. ಆಗ ಕಿರ್ ಅಂತ ಅಲುಗಾಡಿತು. ಅಲುಗಾಡಿದ ಮೇಲೆ ಆತುರ ಮಾಡದಿದ್ದರೆ ಹೊರಗೆ ಬಂದೇ ಬರುತ್ತದೆ.

ಒಳಗೆ ಮುರಿದದ್ದು ಬೇರೆ ಕಥೆ. ವೆಲ್ಡಿಂಗ್ ತೂತಿನ ಅಂಚಿಗೆ ಅಂಟುವ ಭಯ. ಕೊರೆಯಲೇಬೇಕಿತ್ತು. ಕೊರೆಯುವುದರಲ್ಲಿ ಇರುವ ಕಷ್ಟವೆಲ್ಲ ಒಂದೇ, ನಡುವಿಗೆ ಬೀಳುವುದು. ಮುರಿದ ಮುಖ ಏರುಪೇರು, ಡ್ರಿಲ್ ಜಾರಿ ಪಕ್ಕದ ಮೆತ್ತಗಿನ ಬೀಡಿಗೆ ನುಗ್ಗುತ್ತದೆ. ಬರೀ ಪಂಚು, ಕಣ್ಣಂದಾಜು ನಂಬಿ ಇದಕ್ಕೆ ಕೈ ಹಾಕಬಾರದು.

ಮ್ಯಾನಿಫೋಲ್ಡನ್ನೇ ಜಿಗ್, ಅಂದರೆ ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚು, ಮಾಡಿಕೊಂಡೆ. ಅದರ ತೂತು 9 ಮಿಲಿಮೀಟರ್. ಲೇತಿನಲ್ಲಿ ಎರಡು ಉಕ್ಕಿನ ಬುಷ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಮಾಡಿಸಿದೆ. ಎರಡಕ್ಕೂ ಹೊರಗಿನ ಅಳತೆ 9, ಒಳತೂತು ಒಂದಕ್ಕೆ 4, ಇನ್ನೊಂದಕ್ಕೆ 6.5. ಗ್ಯಾಸ್ಕೆಟ್ ಇಲ್ಲದೆ ಮ್ಯಾನಿಫೋಲ್ಡನ್ನು ನಡುವಿನ ಎರಡು ಸ್ಟಡ್ಡಿಗೆ ಕೂರಿಸಿದೆ. ಸ್ಟಡ್ 8, ತೂತು 9, ಹಾಗಾಗಿ ಒಂದು ಮಿಲಿಮೀಟರ್ ಆಟ ಇರುತ್ತದೆ. ಕೂಲ್‌ಡ್ರಿಂಕ್ ಡಬ್ಬಿಯ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಆಟ ಪೂರಾ ಹೋಗುವವರೆಗೆ ಸ್ಟಡ್ಡುಗಳಿಗೆ ಸುತ್ತಿದೆ. ಮ್ಯಾನಿಫೋಲ್ಡ್ ಅಲುಗಾಡದೆ ಕೂತಿತು. ಅದಕ್ಕೂ ಮೊದಲು ಹೆಡ್ಡಿನ ಪೋರ್ಟುಗಳಿಗೆ (ಹೊಗೆ ಬರುವ ದಾರಿ) ಗ್ರೀಸ್ ಬಟ್ಟೆ ತುರುಕಿದ್ದೆ. ಕೊರೆದ ಚೂರು ವಾಲ್ವ್ ಸೀಟಿಗೆ ಬಿದ್ದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಎಷ್ಟು ಆಳ ಅನ್ನುವುದೂ ಮುಖ್ಯ. ಕೆಲವು ಹೆಡ್ಡುಗಳಲ್ಲಿ ಸ್ಟಡ್ ತೂತಿನ ಹಿಂದೆಯೇ ನೀರಿನ ದಾರಿ ಇರುತ್ತದೆ. ಆಗಲೇ ಹೊರಬಂದಿದ್ದ ಸ್ಟಡ್ಡಿನ ಉದ್ದ ಅಳೆದು, ಬುಷ್ಷಿನ ಉದ್ದವನ್ನೂ ಸೇರಿಸಿ, ಬಿಟ್ಟಿನ ಮೇಲೆ ಟೇಪ್ ಸುತ್ತಿ ಗುರುತು ಮಾಡಿದೆ. ಡ್ರಿಲ್ ನಿಧಾನ ವೇಗದಲ್ಲಿ, ಹೊಸ ಎಚ್‌ಎಸ್‌ಎಸ್ (ಲೋಹ ಕೊರೆಯುವ ಗಡಸು ಉಕ್ಕಿನ) ಬಿಟ್, ಆಗಾಗ ಎಣ್ಣೆ. ಕಣ್ಣಿಗೆ ಕನ್ನಡಕ ಇರಲಿ, ಕೈಗೆ ಬಟ್ಟೆಯ ಗ್ಲೌಸ್ ಬೇಡ, ಬಿಟ್ಟಿಗೆ ಸುತ್ತಿಕೊಂಡುಬಿಡುತ್ತದೆ. ಮೊದಲು 4, ಆಮೇಲೆ ಬುಷ್ ಬದಲಿಸಿ 6.5. ಎಂ8ರ ಥ್ರೆಡ್ಡಿಗೆ ಹೊಸದಾಗಿ ಟ್ಯಾಪ್ (ತೂತಿನಲ್ಲಿ ಥ್ರೆಡ್ ಕತ್ತರಿಸುವ ಸಾಧನ) ಹಾಕುವಾಗ 6.8 ಕೊರೆಯುವುದು ವಾಡಿಕೆ. ಇಲ್ಲಿ ಹಳೇ ಥ್ರೆಡ್ ಉಳಿಯಬೇಕಲ್ವಾ, ಅದಕ್ಕೆ 6.5ಕ್ಕೇ ನಿಲ್ಲಿಸಿದೆ.

ಈಗ ಸ್ಟಡ್ಡಿನಲ್ಲಿ ಉಳಿದಿದ್ದು ತೆಳು ಗೋಡೆ ಮಾತ್ರ. ಚೂಪಾದ ಸಣ್ಣ ಪಂಚಿನಿಂದ ಅದರ ಅಂಚನ್ನು ಒಳಮುಖವಾಗಿ ಮಡಚಿದೆ. ಮೂತಿ ಚೂಪಿನ ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ. ಸುರುಳಿ ಸುರುಳಿಯಾಗಿ ತಂತಿ ಎದ್ದು ಬಂತು. ಅದನ್ನು ಕಂಡಾಗ ಆದ ಖುಷಿ ದೊಡ್ಡದು. ಎಂ8 ಟ್ಯಾಪನ್ನು ಕೈಯಲ್ಲೇ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಇಳಿಸಿ ಉಳಿದ ಪುಡಿ ತೆಗೆದೆ. ಥ್ರೆಡ್ ಗಟ್ಟಿಯಾಗಿತ್ತು. ಹಾಳಾಗಿದ್ದರೂ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕಿ ಉಳಿಸಬಹುದಿತ್ತು, ತೂತು ನಡುವಿಗೆ ಇದ್ದರೆ ಮಾತ್ರ.

ಮತ್ತೆ ಜೋಡಿಸುವುದು ಬೇಗ ಮುಗಿಯಿತು. ಮ್ಯಾನಿಫೋಲ್ಡಿನ ಮುಖವನ್ನು ವರ್ಕ್‌ಶಾಪಿನಲ್ಲಿ ಸಪಾಟು ಮಾಡಿಸಿದೆ. ನಾಲ್ಕೂ ಸ್ಟಡ್ ಹೊಸದು ಹಾಕಿದೆ, 8.8 ಗ್ರೇಡಿನದು, ತಾಮ್ರದ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಿ. ನಟ್ಟುಗಳು ಹಿತ್ತಾಳೆಯವು. ಹಿತ್ತಾಳೆ ಉಕ್ಕಿನ ಸ್ಟಡ್ಡಿಗೆ ಕಚ್ಚಿಕೊಳ್ಳುವುದಿಲ್ಲ, ಮುಂದಿನ ಸಲ ಬಿಚ್ಚುವಾಗ ಹೋದರೆ ನಟ್ಟಿನ ಥ್ರೆಡ್ ಹೋಗುತ್ತದೆ, ಸ್ಟಡ್ ಉಳಿಯುತ್ತದೆ. ನಡುವಿನಿಂದ ತುದಿಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬಂದೆ.

ಸೈಲೆನ್ಸರಿಗೆ ನೆಲದಿಂದ ಆ್ಯಂಗಲ್ ನಿಲ್ಲಿಸಿ ಆಸರೆ ಕೊಟ್ಟಿದ್ದೇನೆ. ಇಂಜಿನ್ ಜೊತೆ ಅಲುಗಾಡಲಿ ಅಂತ ಮಧ್ಯೆ ಒಂದು ತುಂಡು ಬಗ್ಗುವ ಸ್ಟೀಲ್ ಪೈಪು ಇದೆ. ಮೊದಲ ದಿನ ಲೋಡಿನಲ್ಲಿ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ನಟ್ಟುಗಳನ್ನು ನೋಡಿದರೆ ತುದಿಯ ಎರಡೂ ನಟ್ಟುಗಳು ಇನ್ನೂ ಕಾಲು ಸುತ್ತು ಬಿಗಿ ತೆಗೆದುಕೊಂಡವು. ಜೆಟ್ ಹಾಕಿ, ಬ್ಯಾಕಿಂಗೂ (ಹೂವಾದ ಮೇಲೆ ಕೊಡುವ ಎರಡನೇ ನೀರು) ಮುಗಿಸಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಇಟ್ಟೆ. ಆಗ ಯಾವುದೂ ಕದಲಲಿಲ್ಲ, ಮಸಿಯೂ ಕಾಣಲಿಲ್ಲ.