ಹೊಳಿ ಬರೋಕಿಂತ ಮೊದಲೇ

ನಾನು ಕೆಲಸ ಮಾಡುವ ಕಡೆ ಪ್ರವಾಹ ಬರಲು ಮೋಡ ಬೇಕಿಲ್ಲ. ನೆತ್ತಿ ಸುಡುವ ಬಿಸಿಲು, ಬಿತ್ತಿದ ಸಜ್ಜೆ ಬಾಡುತ್ತಿರುತ್ತದೆ, ಅಂಥ ದಿನವೇ ಹೊಳಿ ಬರುತ್ತದೆ. ಮಳೆ ಸುರಿದದ್ದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟು ತುಂಬಿ, ನಾರಾಯಣಪುರದ ಬಸವಸಾಗರದ ಗೇಟು ಎತ್ತಿದರೆ ಲಿಂಗಸುಗೂರು ತಾಲ್ಲೂಕಿನ ನಮ್ಮ ಗಡ್ಡಿಗಳ, ಅಂದರೆ ಹೊಳಿ ನಡುವಿನ ನಡುಗಡ್ಡೆಗಳ, ಸುತ್ತ ನೀರೇ ನೀರು. ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿಗಳಿಗೆ ನಾನು ಓಡಾಡಿದ್ದು ತೆಪ್ಪದಲ್ಲಿ. ಹೊಳಿ ಬಂದ ಮೇಲೆ ಆ ತೆಪ್ಪವೂ ಇಳಿಯುವುದಿಲ್ಲ.

ನಾನು ಉಪಕೇಂದ್ರದ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ಸಿಸ್ಟರ್. ಮೊದಲ ವರ್ಷ ಒಂದು ತಪ್ಪು ಮಾಡಿದೆ. ಬಿ.ಪಿ. ಇದ್ದ ಹಿರಿಯರೊಬ್ಬರಿಗೆ ಎಂದಿನಂತೆ ಒಂದು ತಿಂಗಳ ಗುಳಿಗೆ ಕೊಟ್ಟು ಬಂದಿದ್ದೆ. ಗುಳಿಗೆ ಮುಗಿಯುವ ಹೊತ್ತಿಗೆ ನೀರು ಬಂತು. ಹನ್ನೆರಡು ದಿನ ಅವರು ಹಾಗೇ ಇದ್ದರು. ನೀರಿಳಿದ ಮೇಲೆ ಹೋದಾಗ ಅವರ ಎಡಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಆ ಮನೆಯ ಹೊಸ್ತಿಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ. ಗೇಟು ತೆಗೆದ ಮೇಲೆ ನಾನು ಮಾಡಬಲ್ಲದ್ದು ಬಹಳ ಕಡಿಮೆ, ನನ್ನ ಕೆಲಸವೆಲ್ಲ ಮೇ ತಿಂಗಳಿನದು ಎಂದು ಅಲ್ಲೇ ತಿಳಿದದ್ದು.

ಈಗ ಮೇ ಬಂತೆಂದರೆ ರಿಜಿಸ್ಟರ್ ಹಿಡಿದು ಗಡ್ಡಿಗೆ ಹೋಗುತ್ತೇನೆ. ಬಿ.ಪಿ., ಸಕ್ಕರೆ ಕಾಯಿಲೆ, ಫಿಟ್ಸ್, ಟಿ.ಬಿ. ಇರುವ ಪ್ರತಿಯೊಬ್ಬರ ಹೆಸರ ಮುಂದೆ ಗುಳಿಗೆ ಎಂದಿಗೆ ಮುಗಿಯುತ್ತದೆ ಎಂದು ಬರೆಯುತ್ತೇನೆ. ವೈದ್ಯರ ಸಹಿ ಮಾಡಿಸಿ ಎರಡು ತಿಂಗಳಿಗಾಗುವಷ್ಟು ಮೊದಲೇ ಕೊಡುತ್ತೇನೆ. ಇನ್ಸುಲಿನ್ ಇದ್ದವರ ಮನೆಯಲ್ಲಿ ಫ್ರಿಜ್ ಎಲ್ಲಿಂದ? ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ನೆರಳಲ್ಲಿ ಇಡಿಸುತ್ತೇನೆ.

ಬಸುರಿಯರ ವಿಷಯ ಇಷ್ಟು ಸುಲಭವಲ್ಲ. ತಾಯಿ ಕಾರ್ಡು ನೋಡಿ ಜುಲೈಯಿಂದ ಅಕ್ಟೋಬರ್‌ವರೆಗೆ ದಿನ ಬೀಳುವವರನ್ನು ಗುರುತು ಹಾಕುತ್ತೇನೆ. ಅವರು ಎರಡು ಮೂರು ವಾರ ಮುಂಚೆಯೇ ಈಚೆ ದಡಕ್ಕೆ ಬಂದಿರಬೇಕು. ಮೊದಮೊದಲು ಹುಡುಗಿಗೇ ಹೇಳುತ್ತಿದ್ದೆ, ತಲೆಯಾಡಿಸುತ್ತಿದ್ದಳು, ಬರುತ್ತಿರಲಿಲ್ಲ. ಒಮ್ಮೆ ಅತ್ತೆಯೇ ಬಾಯಿಬಿಟ್ಟರು: “ಸಿಸ್ಟರ್ರೀ, ಆಕಿ ಬಂದ್ರ ಮಗನೂ ಬರತಾನ. ಮತ್ತ ಈ ಇಪ್ಪತ್ತು ಆಡು ಯಾರು ಕಾಯೋರ್ರೀ?” ಮನೆಯ ಬದುಕೆಲ್ಲ ಆ ಆಡುಗಳ ಮೇಲೆ ನಿಂತಿತ್ತು, ನಾನು ಅದನ್ನು ಕೇಳಿಯೇ ಇರಲಿಲ್ಲ. ಈಗ ಮೊದಲು ಆಡು–ಕುರಿಯ ಮಾತು, ಆಮೇಲೆ ಬಸುರಿಯ ಮಾತು. ಈಚೆ ದಡದಲ್ಲಿ ಬೀಗರ ಹೊಲವಿದೆಯೇ, ದೊಡ್ಡಿ ಹಾಕಲು ಯಾರು ಜಾಗ ಕೊಡುತ್ತಾರೆ ಎಂದು ಆಶಾ ಕಾರ್ಯಕರ್ತೆ ವಿಚಾರಿಸಿ ಬರುತ್ತಾಳೆ. ಆಡು ದಾಟಿದರೆ ಮನೆಯೇ ದಾಟುತ್ತದೆ.

2014ರಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನ ಗಡ್ಡಿಯ ತುಂಬು ಬಸುರಿಯೊಬ್ಬಳು ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಉಕ್ಕುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದಳು. ಎಲ್ಲರೂ ಧೈರ್ಯವೆಂದು ಕೊಂಡಾಡಿದರು. ಧೈರ್ಯ ಹೌದು. ಆದರೆ ಇನ್ನೊಬ್ಬಳಿಗೆ ಆ ಧೈರ್ಯ ಬೇಕಾಗದ ಹಾಗೆ ನೋಡಿಕೊಳ್ಳುವುದು ನಮ್ಮಂಥವರ ಕೆಲಸ.

ಇಷ್ಟಾದರೂ ಕೆಲವರು ಅಲ್ಲೇ ಉಳಿಯುತ್ತಾರೆ. ಅವರಿಗಾಗಿ ಗಡ್ಡಿಯ ಎತ್ತರದ ಮನೆಯಲ್ಲಿ ಮುಚ್ಚಳ ಭದ್ರವಿರುವ ಡಬ್ಬಿ ಇಡುತ್ತೇವೆ: ಓ.ಆರ್.ಎಸ್., ಜಿಂಕ್, ಪ್ಯಾರಾಸಿಟಮಾಲ್, ಕ್ಲೋರಿನ್ ಗುಳಿಗೆ, ಬ್ಯಾಂಡೇಜು, ಹೊಸ ಬ್ಲೇಡು, ಹೊಕ್ಕುಳಿಗೆ ಕಟ್ಟುವ ದಾರ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಅಲ್ಲಿ ಇಡಲಾಗದು. ಮಿಸೊಪ್ರೊಸ್ಟಾಲ್ ಗುಳಿಗೆಗೆ ತಂಪು ಬೇಡ. ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮೂರು ಗುಳಿಗೆ, ಒಟ್ಟು 600 ಮೈಕ್ರೋಗ್ರಾಂ. ಇದನ್ನು ಆಶಾಗೆ ಹತ್ತು ಸಲ ಹೇಳಿಸಿ ಕೇಳಿದ್ದೇನೆ. ಮೊದಲೇ ಕೊಟ್ಟರೆ ಗರ್ಭಕೋಶ ಹರಿಯಬಹುದು.

ಭೇದಿಗೆ ಪೊಟ್ಟಣ ಮುಗಿದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೈ ಅಳತೆ ಬೇಡ ಎಂದು ಚಮಚವನ್ನೇ ಡಬ್ಬಿಗೆ ಕಟ್ಟಿದ್ದೇನೆ.

ಹಾವಿನ ಕಾಟ ಬೇರೆ. ನೀರೇರಿದರೆ ಅವಕ್ಕೂ ಎತ್ತರದ ಜಾಗವೇ ಬೇಕಲ್ಲ, ಮನೆಯೊಳಗೆ ಬರುತ್ತವೆ. ಒಂದು ಸಂಜೆ ಹೊಳಿ ಏರುತ್ತಿದ್ದಾಗಲೇ ಹುಡುಗನೊಬ್ಬನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ ಎಂದು ಹೇಳಿದ್ದು ಅವರಿಗೆ ನೆನಪಿತ್ತು. ಜೋಳದ ದಂಟು ಕಟ್ಟಿ ಕಾಲು ಅಲುಗದಂತೆ ಮಾಡಿ, ಮಲಗಿಸಿಕೊಂಡೇ ತೆಪ್ಪದಲ್ಲಿ ತಂದರು. ದಡದಲ್ಲಿ 108 ಕಾಯುತ್ತಿತ್ತು, ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧ ಸಿಕ್ಕಿತು. ಹುಡುಗ ಬದುಕಿದ.

2019ರ ಆಗಸ್ಟಿನಲ್ಲಿ ಹೊಳಿಗೆ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂತು. ಗಡ್ಡಿಯಲ್ಲಿ ಸಿಗ್ನಲ್ ಸಿಗುವುದು ಒಂದೇ ದಿಬ್ಬದ ಮೇಲೆ. ದಿನಾ ಸಂಜೆ ಆರಕ್ಕೆ ಆಶಾ ಅಲ್ಲಿಗೆ ಹತ್ತಿ ಫೋನು ಮಾಡುತ್ತಿದ್ದಳು. ರಿಜಿಸ್ಟರ್ ಮುಂದಿಟ್ಟುಕೊಂಡು ನಾನು ಹೆಸರು ಓದುತ್ತಿದ್ದೆ, ಅವಳು ಒಂದೊಂದಕ್ಕೂ “ಆರಾಮ ಅದಾರ್ರೀ” ಎನ್ನುತ್ತಿದ್ದಳು. ಎಡಗೈ ಬಿದ್ದ ಆ ಹಿರಿಯರ ಹೆಸರಿಗೆ ಬಂದಾಗ ನಾನು ಕೇಳುವ ಮೊದಲೇ ಹೇಳಿಬಿಡುತ್ತಿದ್ದಳು: “ಗುಳಿಗಿ ನುಂಗ್ಯಾರ್ರೀ, ನನ್ನ ಮುಂದನ ನುಂಗ್ಯಾರ.”