ಅಮೆರಿಕಕ್ಕೆ ಹೊರಟವರಿಗೆ: ಪುಕ್ಕಟೆ ಟೀವಿಗೆ ಯಾವ ಆಂಟೆನಾ?

ಎಸ್.ಪಿ. ರಸ್ತೆಯ ನಮ್ಮ ಅಂಗಡಿಗೆ ಬಂದು, ಅಮೆರಿಕದಲ್ಲಿ ಪುಕ್ಕಟೆ ಟೀವಿ ನೋಡೋಕೆ ಆಂಟೆನಾ ಕೇಳುವವರಿಗೆ, ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ ಅಂತಲೇ ಹೇಳ್ತೀನಿ. ಟೀವಿಯಂತೂ ಬೇಡವೇ ಬೇಡ. ಅಲ್ಲಿನ ಪ್ರಸಾರ ಎಟಿಎಸ್‌ಸಿ ಪದ್ಧತಿಯದು. ನಮ್ಮ ಸೆಟ್ಟುಗಳ ಟ್ಯೂನರ್ ಸಾಮಾನ್ಯವಾಗಿ ಅದನ್ನು ಹಿಡಿಯೋದಿಲ್ಲ.

ಮನೆ ಗೊತ್ತಾದ ಮೇಲೆ ಎಫ್‌ಸಿಸಿಯ (ಅಲ್ಲಿನ ಸರ್ಕಾರದ ಪ್ರಸಾರ ನಿಯಂತ್ರಣ ಸಂಸ್ಥೆ) ವೆಬ್‌ಸೈಟಿನ ಡಿಟಿವಿ ಮ್ಯಾಪ್‌ನಲ್ಲಿ ವಿಳಾಸ ಹಾಕಿ. ಯಾವ ಸ್ಟೇಷನ್ ಎಷ್ಟು ಗಟ್ಟಿಯಾಗಿ ಸಿಗುತ್ತೆ ಅಂತ ತೋರಿಸುತ್ತೆ. ಬಹಳ ಜನ ಎಡವೋದು ಇಲ್ಲೇ: ಪರದೆ ಮೇಲೆ ಕಾಣುವ ಚಾನೆಲ್ ನಂಬರೇ ಬೇರೆ, ಗಾಳಿಯಲ್ಲಿ ಬರುವ ಆರ್‌ಎಫ್ ಚಾನೆಲ್ಲೇ ಬೇರೆ ಇರಬಹುದು. ಮ್ಯಾಪ್‌ನಲ್ಲಿ ಸ್ಟೇಷನ್ ಹೆಸರು ಒತ್ತಿ, ಆರ್‌ಎಫ್ ನಂಬರ್ ನೋಡಿ. 14ರಿಂದ 36ರೊಳಗಿದ್ದರೆ ಅದು ಯುಎಚ್‌ಎಫ್, ಅಂದರೆ ಗಿಡ್ಡ ಅಲೆಯದು. ಟವರ್ ಹತ್ತಿರವಿದ್ದರೆ ಕಿಟಕಿಗೆ ಅಂಟಿಸುವ ಚಪ್ಪಟೆ ಆಂಟೆನಾ ಸಾಕು. 7ರಿಂದ 13 ಇದ್ದರೆ ವಿಎಚ್‌ಎಫ್. ಅಲೆ ಉದ್ದ, ಹಾಗಾಗಿ ಆಂಟೆನಾನೂ ಉದ್ದ ಬೇಕು. ಎಳೆದು ಉದ್ದ ಮಾಡುವ ಜೋಡಿ ಕಡ್ಡಿಯದನ್ನೇ ತಗೊಳ್ಳಿ. ನಿಮಗೆ ಬೇಕಾದ ಚಾನೆಲ್ ವಿಎಚ್‌ಎಫ್‌ನಲ್ಲೇ ಇದ್ದರೆ, ಬರೀ ಚಪ್ಪಟೆಯದು ಕೈಕೊಡಬಹುದು.

ಡಬ್ಬದ ಮೇಲಿನ ನೂರಾರು ಮೈಲಿಯ ಮಾತು ನಂಬಬೇಡಿ. ಭೂಮಿಯೇ ಗುಂಡಗಿದೆ, ಸಿಗ್ನಲ್ ಬಾಗಿ ಅಷ್ಟು ದೂರ ಬರೋದಿಲ್ಲ. "4ಕೆ ಆಂಟೆನಾ" ಅನ್ನೋದಕ್ಕೂ ದುಡ್ಡು ಸುರಿಯಬೇಡಿ. ಟವರ್ ಪಕ್ಕದಲ್ಲೇ ಇದ್ದರೆ ಬೂಸ್ಟರ್ ಬೇಡ, ಸಿಗ್ನಲ್ ಹೆಚ್ಚಾಗಿ ಟ್ಯೂನರೇ ತಡವರಿಸುತ್ತೆ. ಕೇಬಲ್ ಉದ್ದವಿದ್ದರೆ ಆರ್‌ಜಿ6 ಅನ್ನೋ ಬಗೆಯ ಕೇಬಲ್ ಹಾಕಿ. ಆಂಟೆನಾ ಜಾಗ ಬದಲಿಸಿದಾಗಲೆಲ್ಲ ಚಾನೆಲ್ ಮತ್ತೆ ಸ್ಕ್ಯಾನ್ ಮಾಡಿ.