ಫ್ರಾನ್ಸ್‌ನಲ್ಲೊಂದು ಬಿಸಿಲೂರು: ನಿಮ್ಮದನ್ನು ಆರಿಸಿಕೊಳ್ಳುವುದು ಹೇಗೆ?

ದಕ್ಷಿಣ ಫ್ರಾನ್ಸ್‌ಗೆ ಹೊರಟವರಿಗೆ ಎಲ್ಲವನ್ನೂ ನೋಡಿಬಿಡುವ ಆಸೆ. ಇವತ್ತು ಅವಿನ್ಯೋಂ, ನಾಳೆ ಮಾರ್ಸೆ, ನಾಡಿದ್ದು ನೀಸ್. ಕೊನೆಗೆ ನೆನಪಿನಲ್ಲಿ ಉಳಿಯುವುದು ರೈಲ್ವೆ ಸ್ಟೇಷನ್‌ಗಳು ಮಾತ್ರ. ಒಂದೇ ಊರು ಹಿಡಿಯಿರಿ, ಐದಾರು ದಿನ ಅಲ್ಲೇ ಇರಿ. ಬೆಳಗಿನ ಬಿಸಿಲು ಯಾವ ಬೀದಿಗೆ ಬೀಳುತ್ತದೆ, ಸಂಜೆಯದು ಯಾವ ಗೋಡೆಗೆ ಎಂಬುದು ಗೊತ್ತಾಗುವಷ್ಟು ದಿನ ಇದ್ದರೇ ಆ ಊರು ನಿಮ್ಮದು. ಯಾವ ಊರು ಎಂಬುದನ್ನು ಈ ಕ್ರಮದಲ್ಲಿ ತೀರ್ಮಾನಿಸಿ.

ಮೊದಲು ತಿಂಗಳು, ಆಮೇಲೆ ಊರು

ನೀಸ್, ತುಲೋಂ, ಮಾರ್ಸೆ ಇರುವ ಮೆಡಿಟರೇನಿಯನ್ ಕರಾವಳಿಗೆ ವರ್ಷಕ್ಕೆ ಸುಮಾರು 2,700 ಗಂಟೆ ಬಿಸಿಲು. ಪ್ಯಾರಿಸ್‌ಗೆ ಅದಕ್ಕಿಂತ ಹತ್ತಿರ ಹತ್ತಿರ ಸಾವಿರ ಗಂಟೆ ಕಡಿಮೆ. ಆದರೆ ಈ ಬಿಸಿಲು ವರ್ಷವಿಡೀ ಒಂದೇ ತೆರನಾಗಿಲ್ಲ. ಜೂನ್ ಕೊನೆಯಲ್ಲಿ ನೀಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆ ಮೊದಲೇ ಹೊತ್ತು ಮುಳುಗಿರುತ್ತದೆ. ಆಗಸ್ಟ್ ಫ್ರೆಂಚರಿಗೇ ರಜೆಯ ತಿಂಗಳು, ಕೋಣೆ ಸಿಗುವುದೂ ಕಷ್ಟ, ಸಿಕ್ಕರೆ ದುಬಾರಿ. ನಮ್ಮ ಮಕ್ಕಳ ಬೇಸಿಗೆ ರಜೆಯ ಕೊನೆಯ ದಿನಗಳಾದ ಮೇ ತಿಂಗಳ ಉತ್ತರಾರ್ಧವೇ ಒಳ್ಳೆಯದು. ದಸರಾ ರಜೆಗೆ ಹೋಗುವವರು ಒಂದು ಮಾತು ತಿಳಿದಿರಬೇಕು: ಶರತ್ಕಾಲದಲ್ಲಿ ಅಲ್ಲಿ ಒಮ್ಮೊಮ್ಮೆ ಒಂದೇ ದಿನದಲ್ಲಿ ಭಾರೀ ಮಳೆ ಸುರಿದುಬಿಡುತ್ತದೆ. ಲ್ಯಾವೆಂಡರ್ ಹೊಲಗಳೇ ಬೇಕೆಂದರೆ ಜೂನ್ ಮಧ್ಯದಿಂದ ಜುಲೈ ಮಧ್ಯದೊಳಗೆ ವಲಾನ್ಸೋಲ್ ಪ್ರಸ್ಥಭೂಮಿಗೆ ಹೋಗಬೇಕು, ಅದಕ್ಕೆ ಕಾರು ಬೇಕು.

ಗಾಳಿಯನ್ನು ಕೇಳಿ ತಿಳಿಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವೂ ಇದೇ. ರೋನ್ ನದಿಯ ಕಣಿವೆ ಹಿಡಿದು ಉತ್ತರದಿಂದ ಮಿಸ್ತ್ರಾಲ್ ಎಂಬ ಗಾಳಿ ಬೀಸುತ್ತದೆ. ತಣ್ಣನೆಯ, ಒಣ ಗಾಳಿ. ಒಮ್ಮೆ ಶುರುವಾದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಮೋಡವನ್ನೆಲ್ಲ ಗುಡಿಸಿ ಆಕಾಶವನ್ನು ತೊಳೆದಿಟ್ಟಂತೆ ಮಾಡುವುದೂ ಅದೇ, ಆ ಬಿಸಿಲಿನಲ್ಲಿ ನಿಮ್ಮನ್ನು ನಡುಗಿಸುವುದೂ ಅದೇ. ಅಲ್ಲಿನ ಹಳೆಯ ತೋಟದ ಮನೆಗಳನ್ನು ನೋಡಿ: ಉತ್ತರದ ಗೋಡೆಗೆ ಕಿಟಕಿಯೇ ಇಲ್ಲ ಎನ್ನುವಷ್ಟು ಕಡಿಮೆ. ಹೊಲದಂಚಿಗೆ ಸಾಲಾಗಿ ಸೈಪ್ರಸ್ ಮರಗಳು. ಚರ್ಚಿನ ಗಂಟೆ ಗೋಪುರದ ತುದಿ ಕಲ್ಲಿನದಲ್ಲ, ಗಾಳಿ ನುಸುಳಿ ಹೋಗಲೆಂದು ಕಬ್ಬಿಣದ ಪಂಜರ.

ಆರ್ಲ್, ಅವಿನ್ಯೋಂ, ಮಾರ್ಸೆ ಈ ಗಾಳಿಯ ದಾರಿಯಲ್ಲಿವೆ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1888ರ ಫೆಬ್ರವರಿಯಲ್ಲಿ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದು ಆರ್ಲ್‌ನಲ್ಲೇ. ಅವನ ಚಿತ್ರಗಳ ಆ ಹಳದಿ ಬೆಳಕು ಬೇಕೆನ್ನುವವರು ಗಾಳಿಯನ್ನೂ ಒಪ್ಪಿಕೊಂಡೇ ಹೋಗಬೇಕು. ಗಾಳಿ ಬೇಡ ಎನ್ನುವವರು ಪೂರ್ವಕ್ಕೆ ಸರಿಯಿರಿ. ನೀಸ್ ಮತ್ತು ಮಾಂತೋ ಊರುಗಳ ಬೆನ್ನಿಗೆ ಆಲ್ಪ್ಸ್ ಬೆಟ್ಟಗಳು ಗೋಡೆಯಂತೆ ನಿಂತಿವೆ.

ಸ್ಟೇಷನ್‌ನಿಂದ ಊರಿಗೆ ಎಷ್ಟು ದೂರ?

ಪ್ಯಾರಿಸ್‌ನಿಂದ ಮಾರ್ಸೆಗೆ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ, ನೀಸ್‌ಗೆ ಆರು ಗಂಟೆಯ ಆಸುಪಾಸು. ಆದರೆ ಮಾರ್ಸೆ ಬಳಿಯ ಏಕ್ಸ್‌ನ ಟಿಜಿವಿ ಸ್ಟೇಷನ್ ಊರಿನಿಂದ ಬಹಳ ದೂರ, ಬಸ್ಸು ಹಿಡಿಯಬೇಕು. ಮಾರ್ಸೆ ಪಕ್ಕದ ಕಡಲೂರು ಕಾಸಿಯ ಸ್ಟೇಷನ್ನೂ ಊರಿನಿಂದ ಮೂರು ಕಿಲೋಮೀಟರ್ ಆಚೆ. ಕಾಸಿಗೆ ಹೋಗುವುದೇ ಕಲಾಂಕ್ ಎಂಬ ಸುಣ್ಣಕಲ್ಲಿನ ಕಡಲ ಕೊರಕಲುಗಳಿಗಾಗಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿರುವ ದಿನ ಆ ಕಾಲುದಾರಿಗಳನ್ನು ಮುಚ್ಚುತ್ತಾರೆ, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ನೀಸ್ ಸಲೀಸು: ಸಮುದ್ರದ ಉದ್ದಕ್ಕೂ ಸಮತಟ್ಟಾದ ನಡೆದಾರಿ, ಟ್ರಾಮ್ ಕೂಡ ಇದೆ. ಅಲ್ಲಿನ ತೀರ ಮರಳಲ್ಲ, ಉರುಟು ಕಲ್ಲು, ಗಟ್ಟಿ ಚಪ್ಪಲಿ ಇರಲಿ.

ಊಟದ ಲೆಕ್ಕ

ಸಸ್ಯಾಹಾರಿಗಳು ಹೆದರಬೇಕಿಲ್ಲ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಮೊರಕ್ಕಿಂತ ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಸುರಿದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅದೇ ನೀಸ್‌ನ ಸೊಕ್ಕಾ. ಅಲ್ಲಲ್ಲಿ ಕಪ್ಪಗೆ ಸೀದು, ಅಂಚು ಗರಿಗರಿಯಾಗಿ, ನಡುವೆ ಮೆತ್ತಗಿರುವಾಗ ಕೆರೆದು ತೆಗೆದು, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಕಡಲೆಹಿಟ್ಟಿನ ದೋಸೆ ತಿಂದು ಬೆಳೆದ ನಾಲಿಗೆಗೆ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿನದೇ ಈರುಳ್ಳಿ ಹರಡಿದ ರೊಟ್ಟಿ ಪಿಸ್ಸಲಾದಿಯೇರ್ ನೋಡಲು ಸಾದಾ ಎನಿಸಿದರೂ ಅದರಲ್ಲಿ ಮೀನಿರುತ್ತದೆ, ಕೇಳಿಯೇ ಕೊಳ್ಳಿ. ಮಧ್ಯಾಹ್ನ ಎರಡಾದರೆ ಎಷ್ಟೋ ಹೋಟೆಲಿನ ಅಡುಗೆಮನೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಏಳರ ಮೇಲೆ.

ಊರು ಗೊತ್ತಾದ ಮೇಲೆ ವೀಸಾ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಒಂದೇ ಊರಿನಲ್ಲಿ ತಂಗುವವರಿಗೆ ಕಾಗದಪತ್ರದ ಕೆಲಸವೂ ಹಗುರ.

ನನ್ನನ್ನು ಕೇಳಿದರೆ

ಮಾಂತೋ ಎನ್ನುತ್ತೇನೆ. ಇಟಲಿಯ ಗಡಿಗೆ ಅಂಟಿಕೊಂಡ ನಿಂಬೆಯ ಊರು, ನೀಸ್‌ನಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಫೆಬ್ರವರಿಯಲ್ಲಿ ಅಲ್ಲಿ ನಿಂಬೆ ಹಬ್ಬ ನಡೆಯುತ್ತದೆ, ಉತ್ತರದಲ್ಲಿ ಇನ್ನೂ ಮಂಜು ಕವಿದಿರುವಾಗ. 1859ರಲ್ಲಿ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ವೈದ್ಯ ಕ್ಷಯದಿಂದ ಸಾಯುತ್ತೇನೆಂದೇ ಇಲ್ಲಿಗೆ ಬಂದು ಚೇತರಿಸಿಕೊಂಡ, ಊರಿನ ಹವೆಯ ಬಗ್ಗೆ ಬರೆದ. ಅದನ್ನೋದಿ ಯುರೋಪಿನ ರೋಗಿಗಳು ಬಿಸಿಲು ಹುಡುಕಿಕೊಂಡು ಬಂದರು. ಎಲ್ಲರಿಗೂ ಅವನ ಅದೃಷ್ಟ ಇರಲಿಲ್ಲ. ಹಳೆ ಊರಿನ ಮೆಟ್ಟಿಲುಗಳನ್ನು ಹತ್ತಿ ತುದಿಗೆ ಹೋದರೆ, ಕೋಟೆಯಿದ್ದ ಜಾಗದಲ್ಲಿ ಸ್ಮಶಾನವಿದೆ. ದೂರದೂರದಿಂದ ಬಂದು ಇಲ್ಲೇ ಉಳಿದವರ ಸಮಾಧಿಗಳು ಅಲ್ಲಿವೆ. ಕೆಳಗೆ ಸಮುದ್ರ, ಎಡಕ್ಕೆ ಇಟಲಿಯ ಬೆಟ್ಟ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ, ನೀರಿನ ಬಾಟಲಿ ಜೊತೆಗಿರಲಿ.